ದೊಡ್ಡ ಮರಕ್ಕೆ ಕೊಡಲಿ ಹಾಕುವ ಮುನ್ನ



ಕೂರಿಗೆ ಹೂಡುವುದನ್ನು, ಅಡಿಕೆಗೆ ಬಸಿಗಾಲುವೆ ತೆಗೆಯುವುದನ್ನು, ಕೊಬ್ಬರಿ ಅಟ್ಟಕ್ಕೆ ಹಾಕುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯ ಹಿಂದೆ ವಾಲಿ ನಿಂತ 60 ಅಡಿಯ ಹುಣಸೆ ಮರವನ್ನು ನೆಲಕ್ಕೆ ಇಳಿಸಬೇಕಾದಾಗ ಅದನ್ನು ಒಂದು ಕಸುಬೆಂದು ನಾವು ಎಣಿಸುವುದೇ ಇಲ್ಲ. ‘ಇಬ್ಬರು ಆಳು, ಒಂದು ಕೊಡಲಿ, ಒಂದು ಹಗ್ಗ ಇದ್ದರೆ ಮಧ್ಯಾಹ್ನದೊಳಗೆ ಮುಗಿಯಿತು’ ಎಂದುಕೊಳ್ಳುತ್ತೇವೆ. ಉಳುವ ಆಳನ್ನೇ ಮರ ಹತ್ತಿಸುತ್ತೇವೆ. ಕೆಲಸ ಮುಗಿದರೆ ಪುಣ್ಯ. ಮುಗಿಯದೆ ಹೋದರೆ ಚಾವಣಿ ಮುರಿಯುತ್ತದೆ, ಕಂಬ ಉರುಳುತ್ತದೆ, ಇಲ್ಲವೇ ಒಂದು ಸಂಸಾರದ ದುಡಿಯುವ ಕೈ ಹೋಗುತ್ತದೆ.

ಮರ ಕಡಿಯುವುದು ಲೋಕದಲ್ಲೆಲ್ಲ ಅತಿ ಅಪಾಯದ ಕಸುಬುಗಳ ಸಾಲಿನಲ್ಲಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1998ರಲ್ಲಿ ಅರಣ್ಯ ಕೆಲಸದ ಸುರಕ್ಷತೆಗೆಂದೇ ಒಂದು ನಿಯಮಾವಳಿಯನ್ನು ಹೊರತಂದಿತು. ಅಮೆರಿಕದಲ್ಲಿ ಊರೊಳಗಿನ ಮರಗಳನ್ನು ನೋಡಿಕೊಳ್ಳುವ ಕಸುಬುದಾರರು 1924ರಷ್ಟು ಹಿಂದೆಯೇ ಸಂಘ ಕಟ್ಟಿಕೊಂಡರು. ನಮ್ಮಲ್ಲಿ ಅಂಥ ಸಂಘವಿಲ್ಲದಿದ್ದರೂ ಕಸುಬು ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ಬುನಾದಿ ಬಿದ್ದು 1923ರಲ್ಲಿ ಕುಲುಮೆ ಹೊತ್ತಿದಾಗ ಅದಕ್ಕೆ ಹಾಕಿದ ಉರುವಲು ಕಾಡುಮರದ ಇದ್ದಿಲು. ಆಗ ನಮ್ಮ ಜಿಲ್ಲೆಗೇ ಕಡೂರು ಜಿಲ್ಲೆ ಎಂದು ಹೆಸರು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಕಾಡಿನ ನಡುವೆ ಸಣ್ಣ ಹಳಿಯ ರೈಲು ಓಡುತ್ತಿತ್ತು. ಕೊಡಲಿ, ಗರಗಸ, ಬೆಣೆಗಳಿಂದಲೇ ಮರವನ್ನು ಬೇಕೆಂದ ಕಡೆಗೆ ಮಲಗಿಸಬಲ್ಲ ಕೈಗಳು ಈ ಸೀಮೆಯಲ್ಲಿದ್ದವು. ಇಂದಿಗೂ ಲಿಂಗದಹಳ್ಳಿ, ಕಲ್ಲತ್ತಿಗಿರಿ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ ಮಾಡುವವರು ಕೆಳಗಿನ ಕಾಫಿ ಗಿಡದ ಒಂದು ರೆಕ್ಕೆಯೂ ಮುರಿಯದಂತೆ ದೊಡ್ಡ ಕೊಂಬೆಯನ್ನು ಹಗ್ಗದಲ್ಲಿ ಇಳಿಸುತ್ತಾರೆ. ಈ ವಿದ್ಯೆಯ ಮುಖ್ಯ ಅಂಶಗಳನ್ನು ನೀವೂ ತಿಳಿದಿರಬೇಕು. ನೀವೇ ಮರ ಹತ್ತಬೇಕೆಂದಲ್ಲ. ನಿಮ್ಮ ಜಮೀನಿನಲ್ಲಿ ಹತ್ತುವವನು ಸರಿಯಾಗಿ ಮಾಡುತ್ತಿದ್ದಾನೆಯೇ ಎಂಬುದನ್ನು ನೋಡಿ ಗುರುತಿಸಬೇಕೆಂದು.

ಕಡಿಯಲೇಬೇಕೆ?

ಮೊದಲ ಪ್ರಶ್ನೆ ಇದು. ಮರ ಮನೆಯ ಮೇಲೆ ಚಾಚಿದೆ ಎಂಬ ಮಾತ್ರಕ್ಕೆ ಬುಡಕ್ಕೇ ಕೊಡಲಿ ಹಾಕಬೇಕಾಗಿಲ್ಲ. ಎಷ್ಟೋ ವೇಳೆ ಚಾವಣಿಯ ಮೇಲಿನ ಎರಡು ಕೊಂಬೆ ತೆಗೆದರೆ ಸಾಕು. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ತಲೆಯನ್ನು ಪೂರ್ತಿ ಬೋಳಿಸಿದ ಮರದಲ್ಲಿ ಮರುವರ್ಷ ಚಿಗುರುವ ಕೊಂಬೆಗಳಿಗೆ ಬುಡದಲ್ಲಿ ಹಿಡಿತವಿರುವುದಿಲ್ಲ. ಕೆಲವೇ ವರ್ಷಗಳಲ್ಲಿ ಅವೇ ಮುರಿದು ಬೀಳುತ್ತವೆ.

ಹಾಗಾದರೆ ಕಡಿಯಲೇಬೇಕಾದ ಮರ ಯಾವುದು? ಈ ಲಕ್ಷಣಗಳನ್ನು ನೋಡಿ: ಬುಡದಲ್ಲಿ ಅಣಬೆ ಎದ್ದಿರುವುದು, ಕೊಡಲಿಯ ಹಿಂಬದಿಯಿಂದ ತಟ್ಟಿದರೆ ತಮಟೆಯಂತೆ ಟೊಳ್ಳು ಸದ್ದು ಬರುವುದು, ಕವಲಿನಲ್ಲಿ ಸೀಳು ಕಾಣುವುದು, ವಾಲಿದ ಕಡೆಗೆ ಎದುರು ಬದಿಯಲ್ಲಿ ನೆಲ ಉಬ್ಬಿ ಬಿರಿದಿರುವುದು. ಕೊನೆಯದು ಎಲ್ಲಕ್ಕಿಂತ ಅಪಾಯ. ಬೇರು ಬಿಟ್ಟಿದೆ ಎಂದೇ ಅದರ ಅರ್ಥ. ಟೊಳ್ಳಾದ ಮರವೆಲ್ಲ ಬೀಳುವುದಿಲ್ಲ. ಆದರೆ ಸುತ್ತ ಉಳಿದ ಗಟ್ಟಿ ಭಾಗದ ದಪ್ಪವು ನಡುವಿನಿಂದ ಅಂಚಿಗಿರುವ ಅಳತೆಯ ಮೂರನೇ ಒಂದು ಪಾಲಿಗಿಂತ ಕಡಿಮೆಯಾದರೆ ನಂಬಿಕೆ ಇಡಬೇಡಿ.

ನೆಲದ ಗುಣವೂ ಇಲ್ಲಿ ಮುಖ್ಯ. ಅಜ್ಜಂಪುರ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು ಬೇರುಗಳನ್ನು ಹರಿಯುತ್ತದೆ. ಮಳೆ ಬಿದ್ದೊಡನೆ ಅದೇ ನೆಲ ಹಿಟ್ಟಿನಂತೆ ಮೆದುವಾಗುತ್ತದೆ. ಆಷಾಢದ ಗಾಳಿಗೆ ಮರ ಬುಡಸಮೇತ ಕೀಳುವುದು ಇಂಥಲ್ಲಿ. ಕಡೂರಿನ ಕೆಂಪು ಗರಸು ನೆಲದಲ್ಲಿ ಬೇರಿನ ಹಿಡಿತ ಚೆನ್ನಾಗಿದ್ದರೂ ಬರಗಾಲದಲ್ಲಿ ಒಣಗಿದ ಕೊಂಬೆಗಳು ಎಚ್ಚರಿಕೆ ಕೊಡದೆ ಕಳಚುತ್ತವೆ. ತರೀಕೆರೆಯ ಮಲೆನಾಡ ಸೆರಗಿನಲ್ಲಿ ಬಳ್ಳಿಗಳ ಕಾಟ. ಒಂದು ಮರವನ್ನು ಕಡಿದರೆ ಬಳ್ಳಿ ಹಬ್ಬಿದ ಪಕ್ಕದ ಮರದ ಕೊಂಬೆಯೂ ಕಿತ್ತು ತಲೆಯ ಮೇಲೆ ಬರುತ್ತದೆ. ಅಲ್ಲಿ ಕೆಲಸಕ್ಕೆ ಕೆಲವು ತಿಂಗಳು ಮೊದಲೇ ಬಳ್ಳಿಯನ್ನು ಬುಡದಲ್ಲಿ ಕಡಿದು ಒಣಗಲು ಬಿಡುವುದು ಒಳ್ಳೆಯದು.

ಅನುಮತಿ ಪಡೆಯಿರಿ

‘ನನ್ನ ಜಮೀನು, ನನ್ನ ಮರ’ ಎಂದು ಹೇಳಿ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಹಿಡುವಳಿಯ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಪಹಣಿಯೊಂದಿಗೆ ನಿಮ್ಮ ಭಾಗದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ವಿಚಾರಿಸಿ, ಅರ್ಜಿ ಕೊಡಿ. ಹೆದರಬೇಕಾಗಿಲ್ಲ. ಸತ್ತ ಮರ, ರೋಗ ಹಿಡಿದ ಮರ, ಗಾಳಿಗೆ ಬಿದ್ದ ಮರ, ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯ ತರುವ ಮರ, ಬೆಂಕಿ ಸಿಡಿಲುಗಳಿಂದ ಹಾಳಾದ ಮರ, ಇಂಥವಕ್ಕೆ ಅನುಮತಿ ನಿರಾಕರಿಸಬಾರದೆಂದು ಕಾಯ್ದೆಯೇ ಹೇಳುತ್ತದೆ. ಹಳ್ಳಿಗಾಡಿನಲ್ಲಿ ಸೌದೆ, ಮೇವು, ಬೇಸಾಯದ ಉಪಕರಣಗಳ ಸ್ವಂತ ಬಳಕೆಗೆ ಬೇಕಾದಾಗಲೂ ಅದೇ ಮಾತು. ಅರ್ಜಿಯಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆಯಿರಿ. ವಾಲಿರುವ ಕಡೆ, ಮನೆಗಿರುವ ದೂರ, ಬುಡದ ಸ್ಥಿತಿ ಕಾಣುವಂತೆ ಫೋಟೋ ಲಗತ್ತಿಸಿದರೆ ಸ್ಥಳ ತನಿಖೆಗೆ ಬರುವವರಿಗೂ ಅನುಕೂಲ.

ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಹಾಲವಾಣ, ಗ್ಲಿರಿಸಿಡಿಯಾ, ಸುಬಾಬುಲ್, ಬಳ್ಳಾರಿ ಜಾಲಿ ಮೊದಲಾದವಕ್ಕೆ ಈ ಅನುಮತಿಯಿಂದ ವಿನಾಯಿತಿ ಇದೆ. ಆಮೇಲಿನ ತಿದ್ದುಪಡಿಯಲ್ಲಿ ಇನ್ನೂ ಕೆಲವು ಜಾತಿಗಳು ಸೇರಿವೆ. ನಿಮ್ಮ ಮರ ಪಟ್ಟಿಯಲ್ಲಿದೆಯೇ ಎಂಬುದನ್ನು ಕಚೇರಿಯಲ್ಲೇ ಕೇಳಿ ತಿಳಿಯಿರಿ. ಶ್ರೀಗಂಧ, ಬೀಟೆ, ತೇಗಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸರ್ಕಾರದಿಂದ ಮಂಜೂರಾದ ಜಮೀನಾದರೆ ಮರದ ಹಕ್ಕು ಯಾರದೆಂಬುದನ್ನು ಮಂಜೂರಾತಿ ಪತ್ರದಲ್ಲಿ ನೋಡಿ. ರಸ್ತೆಬದಿಯ ಸಾಲುಮರ ನಿಮ್ಮ ಹೊಲಕ್ಕೆ ಎಷ್ಟೇ ನೆರಳು ಬೀರಿದರೂ ಅದು ನಿಮ್ಮದಲ್ಲ. ಕಡಿದ ಮೇಲೆ ದಿಮ್ಮಿ ಸಾಗಿಸಲು ರಹದಾರಿ ಬೇಕಾಗಬಹುದು. ಅದನ್ನೂ ಮೊದಲೇ ಕೇಳಿಕೊಳ್ಳಿ. ಲಾರಿ ತಡೆದು ನಿಲ್ಲಿಸಿದ ಮೇಲೆ ಓಡಾಡುವುದು ಬೇಡ.

ಎತ್ತರ, ತೂಕ ಅಳೆಯಿರಿ

ಮರ ಎಷ್ಟು ಎತ್ತರ ಎಂದು ಕಣ್ಣಂದಾಜಿನಲ್ಲಿ ಹೇಳುವವರು ಹೆಚ್ಚಾಗಿ ಕಡಿಮೆಯೇ ಹೇಳುತ್ತಾರೆ. ಆ ತಪ್ಪಿನಿಂದ ತುದಿ ಹೋಗಿ ಚಾವಣಿಗೆ ಬಡಿಯುತ್ತದೆ. ಅಳೆಯುವುದು ಸುಲಭ. ಬಿಸಿಲಿರುವಾಗ 5 ಅಡಿಯ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಿರಿ. ಅದೇ ಹೊತ್ತಿಗೆ ಮರದ ನೆರಳನ್ನೂ ಅಳೆಯಿರಿ. ಕೋಲಿನ ನೆರಳು 4 ಅಡಿ, ಮರದ ನೆರಳು 48 ಅಡಿ ಇದ್ದರೆ ಮರದ ಎತ್ತರ 60 ಅಡಿ. ನೆಲ ಸಮತಟ್ಟಾಗಿರಬೇಕು, ಅಷ್ಟೆ.

ಮರದ ಎತ್ತರದ ಎರಡು ಪಟ್ಟು ದೂರದವರೆಗೆ ಕಡಿಯುವವರನ್ನು ಬಿಟ್ಟು ಯಾರೂ ಇರಬಾರದು ಎಂಬುದು ಹಲವು ದೇಶಗಳ ಕಸುಬುದಾರರು ಪಾಲಿಸುವ ನಿಯಮ. 60 ಅಡಿಯ ಮರಕ್ಕೆ ಸುತ್ತ 120 ಅಡಿ ಖಾಲಿ. ನಮ್ಮ ಊರುಗಳಲ್ಲಿ ಮರ ಬೀಳುವುದನ್ನು ನೋಡಲು ಮಕ್ಕಳೆಲ್ಲ ಸೇರುತ್ತಾರೆ. ದನ ಅಲ್ಲೇ ಮೇಯುತ್ತಿರುತ್ತದೆ. ಇದು ಸಲ್ಲದು. ದಾರಿಯ ಎರಡೂ ತುದಿಯಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ.

ತೂಕದ ಅಂದಾಜೂ ಇರಲಿ. ಗಟ್ಟಿ ಜಾತಿಯ ಹಸಿ ಮರ ಒಂದು ಘನ ಮೀಟರಿಗೆ ಹತ್ತಿರ ಹತ್ತಿರ ಒಂದು ಟನ್ ತೂಗುತ್ತದೆ. ಒಂದು ಅಡಿ ದಪ್ಪ, 15 ಅಡಿ ಉದ್ದದ ಕೊಂಬೆಯೊಂದೇ 3 ಕ್ವಿಂಟಲ್ ದಾಟುತ್ತದೆ. ‘ಕೈಯಲ್ಲಿ ಹಿಡಿದು ಇಳಿಸೋಣ’ ಎನ್ನುವ ಮಾತು ಎಷ್ಟು ಅರ್ಥಹೀನವೆಂದು ಇದರಿಂದ ತಿಳಿಯುತ್ತದೆ. ಬಾವಿಯ ಹಳೆಯ ಹಗ್ಗ, ಬಿಸಿಲಿಗೆ ಪುಡಿಯಾದ ನೈಲಾನ್ ಹಗ್ಗ ಈ ಭಾರಕ್ಕೆ ಆಗದು.

ಹತ್ತುವ ಮುನ್ನ ಹೆಜ್ಜೇನು, ಚಗಳಿ, ಪೊಟರೆಯ ಹಾವು ಇವುಗಳನ್ನು ಕೆಳಗಿನಿಂದಲೇ ನೋಡಿಕೊಳ್ಳಬೇಕು. 40 ಅಡಿ ಮೇಲೆ ಜೇನು ಎದ್ದರೆ ಓಡಲು ದಾರಿಯಿಲ್ಲ.

ವಿದ್ಯುತ್ ತಂತಿ ಎಂಬ ಯಮ

ಮರಕ್ಕೂ ತಂತಿಗೂ ನಡುವೆ ಮರದ ಎತ್ತರದಷ್ಟು ದೂರವಿಲ್ಲದಿದ್ದರೆ ಮೆಸ್ಕಾಂನವರಿಗೆ ತಿಳಿಸದೆ ಕೆಲಸ ಆರಂಭಿಸಬೇಡಿ. ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಲೈನ್ ಕ್ಲಿಯರ್ ಕೇಳಿ. ದೂರವಾಣಿ 1912ಕ್ಕೂ ತಿಳಿಸಬಹುದು. ಲೈನ್‌ಮನ್ ಬಂದು ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಖಚಿತಪಡಿಸಿ, ಕೆಲಸ ಮುಗಿಯುವವರೆಗೂ ಇರಬೇಕು.

‘ಈಗ ಮೂರು ಫೇಸ್ ಇಲ್ಲ, ಬೇಗ ಕಡಿದುಬಿಡೋಣ’ ಎಂದು ಹತ್ತುವವರಿದ್ದಾರೆ. ಪಂಪ್‌ಸೆಟ್ ಓಡುತ್ತಿಲ್ಲ ಎಂದರೆ ತಂತಿ ಸತ್ತಿದೆ ಎಂದಲ್ಲ. ಒಂದು ಫೇಸ್ ಜೀವಂತ ಇರಬಹುದು. ಹೋದದ್ದು ಯಾವ ಕ್ಷಣದಲ್ಲಾದರೂ ಬರಬಹುದು. 11 ಕೆ.ವಿ. ತಂತಿಯನ್ನು ಮುಟ್ಟಲೇಬೇಕೆಂದೂ ಇಲ್ಲ. ತೀರ ಹತ್ತಿರ ಹೋದರೂ ಹಾರಿ ಹಿಡಿಯುತ್ತದೆ. ಹಸಿ ಕೊಂಬೆ, ಒದ್ದೆ ಹಗ್ಗ ಎರಡೂ ವಿದ್ಯುತ್ತನ್ನು ಹರಿಸುತ್ತವೆ. ಮೆಣಸು ಕೊಯ್ಲಿಗೆ, ಮರಗಸಿಗೆ ಬಳಸುವ ಅಲ್ಯೂಮಿನಿಯಂ ಏಣಿಯನ್ನಂತೂ ತಂತಿಯ ಬಳಿ ತರಲೇಕೂಡದು. ಕಾಫಿ ಸೀಮೆಯಲ್ಲಿ ಈ ಏಣಿ ತಂತಿಗೆ ತಗುಲಿ ಕೂಲಿಕಾರರು ಸತ್ತ ಸುದ್ದಿಯನ್ನು ನೀವು ಮತ್ತೆ ಮತ್ತೆ ಓದಿದ್ದೀರಿ. ಗಾಳಿಗೆ ಮರ ತಂತಿಯ ಮೇಲೆ ಬಿದ್ದಿದ್ದರೆ ಕನಿಷ್ಠ 10 ಮೀಟರ್ ದೂರ ನಿಂತು ಇತರರನ್ನೂ ತಡೆಯಿರಿ. ಕೊಡಲಿ ಹಿಡಿದು ದಾರಿ ಬಿಡಿಸಲು ಹೋಗಬೇಡಿ.

ಯಾರಿಗೆ ಕೆಲಸ ಕೊಡಬೇಕು?

ಕೂಲಿ ಯಾರು ಕಡಿಮೆ ಕೇಳುತ್ತಾರೆ ಎಂಬುದರ ಮೇಲೆ ಆಳನ್ನು ಆರಿಸಬೇಡಿ. ಬಂದವನು ಮೊದಲು ಏನು ಮಾಡುತ್ತಾನೆ ನೋಡಿ. ಮರದ ಸುತ್ತ ಎರಡು ಸುತ್ತು ಬಂದು, ತಲೆ ಎತ್ತಿ ನೋಡಿ, ಬುಡ ತಟ್ಟಿ, ‘ಇವತ್ತು ಗಾಳಿ ಇದೆ, ನಾಳೆ ಬೆಳಗ್ಗೆ ನೋಡೋಣ’ ಎನ್ನುವವನು ಕಸುಬುದಾರ. ಬಂದೊಡನೆ ಯಂತ್ರದ ಗರಗಸ ಚಾಲೂ ಮಾಡುವವನಿಗೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸಿಬಿಡಿ.

ಹೆಲ್ಮೆಟ್, ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಯಂತ್ರ ಹಿಡಿದವನ ಕಾಲಿಗೆ ದಪ್ಪ ರಕ್ಷೆ, ಹತ್ತುವವನಿಗೆ ಸೊಂಟದ ಪಟ್ಟಿ ಮತ್ತು ಬೇರೆ ಬೇರೆ ಎರಡು ಹಗ್ಗ ಇರಲೇಬೇಕು. ಎರಡು ಏಕೆಂದರೆ, ಒಂದನ್ನು ಬಿಚ್ಚಿ ಮೇಲಿನ ಕೊಂಬೆಗೆ ಕಟ್ಟುವಾಗ ಇನ್ನೊಂದು ಅವನನ್ನು ಹಿಡಿದಿರಬೇಕು. ಯಂತ್ರದ ಗರಗಸವನ್ನು ಒಂದೇ ಕೈಯಲ್ಲಿ ಹಿಡಿದು ಕೊಯ್ಯಬಾರದು. ಅದರ ಅಲಗಿನ ಮೂತಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ, ಕುತ್ತಿಗೆಯ ಕಡೆಗೆ ಹಾರುತ್ತದೆ. ಕುಡಿದು ಬಂದವನನ್ನು ಆ ದಿನ ಕೆಲಸಕ್ಕೆ ಹಚ್ಚಬೇಡಿ.

ವಿಮೆಯ ಮಾತನ್ನೂ ಆಡಿ. ಬ್ಯಾಂಕ್ ಖಾತೆ ಇರುವ, 18ರಿಂದ 70 ವರ್ಷದೊಳಗಿನ ಯಾರೇ ಆದರೂ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಟ್ಟಿ ಸೇರಬಹುದು. ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಬೇರೆ ಇದೆ. ನಿಮ್ಮ ಮರ ಹತ್ತುವವನಿಗೆ ಇದರಲ್ಲಿ ಒಂದಾದರೂ ಇದೆಯೇ ಎಂದು ಕೇಳುವುದು ನಿಮ್ಮ ಕರ್ತವ್ಯ. ಇಲ್ಲದಿದ್ದರೆ ಆ 20 ರೂಪಾಯಿಯನ್ನು ನೀವೇ ಕಟ್ಟಿಸಿದರೂ ನಷ್ಟವಿಲ್ಲ.

ಬಯಲಿನ ಮರವನ್ನು ಮಲಗಿಸುವ ಕ್ರಮ

ಸುತ್ತ ಜಾಗವಿರುವ ಮರವನ್ನು ಬುಡದಿಂದಲೇ ಉರುಳಿಸಬಹುದು. ಇದರ ಗುಟ್ಟು ಮೂರು ಕೆಲಸಗಳಲ್ಲಿದೆ: ಬೀಳುವ ಕಡೆಗೆ ಕಚ್ಚು, ಹಿಂದಿನಿಂದ ಕೊಯ್ತ, ನಡುವೆ ಉಳಿಸುವ ಕೀಲು.

ಮೊದಲು ಮರ ಯಾವ ಕಡೆಗೆ ಬೀಳಬೇಕೆಂದು ನಿಶ್ಚಯಿಸಿ. ಮರ ವಾಲಿದ ಕಡೆಗೆ, ಕೊಂಬೆಯ ಭಾರವಿರುವ ಕಡೆಗೆ ಬೀಳಿಸುವುದು ಸುಲಭ. ಅದಕ್ಕೆ ವಿರುದ್ಧ ಬೀಳಿಸುವುದು ಪಳಗಿದವರ ಕೆಲಸ. ಆಮೇಲೆ ಓಡುವ ದಾರಿ. ಬೀಳುವ ದಿಕ್ಕಿಗೆ ಬೆನ್ನು ಮಾಡಿ ಹಿಂದಕ್ಕೆ ಓರೆಯಾಗಿ ಎಡಕ್ಕೊಂದು ಬಲಕ್ಕೊಂದು ದಾರಿ ಸವರಿರಬೇಕು. ನೇರ ಹಿಂದಕ್ಕೆ ಓಡಬಾರದು. ಮರ ಬೀಳುವಾಗ ಬುಡ ಜಿಗಿದು ಹಿಂದಕ್ಕೇ ನುಗ್ಗುವುದುಂಟು.

ಮರ 3 ಅಡಿ ದಪ್ಪವಿದೆ ಎನ್ನೋಣ. ಬೀಳುವ ಕಡೆಗೆ, ಕಲ್ಲಂಗಡಿಯಿಂದ ಹೋಳು ತೆಗೆದಂತೆ ಬಾಯಿ ತೆರೆದ ಕಚ್ಚು ಹಾಕಬೇಕು. ಆಳ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ, ಎಂದರೆ 9ರಿಂದ 12 ಅಂಗುಲ. ಅನಂತರ ಹಿಂಬದಿಯಿಂದ, ಕಚ್ಚಿನ ಮೂಲೆಗಿಂತ ಒಂದೆರಡು ಅಂಗುಲ ಮೇಲೆ, ಅಡ್ಡಲಾಗಿ ಕೊಯ್ಯುತ್ತಾ ಬರಬೇಕು. ಆದರೆ ಕಚ್ಚನ್ನು ಸೇರುವವರೆಗೆ ಕೊಯ್ಯಬಾರದು. ನಡುವೆ ದಪ್ಪದ ಹತ್ತನೇ ಒಂದು ಪಾಲು, ಎಂದರೆ ಸುಮಾರು ಮೂರೂವರೆ ಅಂಗುಲದ ಪಟ್ಟಿಯನ್ನು ಉದ್ದಕ್ಕೂ ಒಂದೇ ಸಮನಾಗಿ ಬಿಡಬೇಕು. ಇದೇ ಕೀಲು. ಬಾಗಿಲು ಕೀಲಿನ ಮೇಲೆ ತಿರುಗುವಂತೆ ಮರ ಈ ಪಟ್ಟಿಯ ಮೇಲೆ ಬಾಗಿ, ಕಚ್ಚಿನ ಬಾಯಿ ಮುಚ್ಚುವವರೆಗೂ ಹಿಡಿತ ತಪ್ಪದೆ ಮಲಗುತ್ತದೆ. ಕೀಲನ್ನು ಪೂರ್ತಿ ಕೊಯ್ದರೆ ಮರಕ್ಕೆ ಹಿಡಿದವರಿಲ್ಲ. ಎತ್ತ ಬೇಕಾದರೂ ತಿರುಗುತ್ತದೆ.

ಹಿಂದಿನ ಕೊಯ್ತ ಅರ್ಧಕ್ಕೆ ಬಂದಾಗ ಬೆಣೆ ಹೊಡೆಯಬೇಕು. ಇಲ್ಲವಾದರೆ ಮರ ಹಿಂದಕ್ಕೆ ಕುಳಿತು ಗರಗಸ ಸಿಕ್ಕಿಕೊಳ್ಳುತ್ತದೆ. ಯಂತ್ರದ ಗರಗಸವಿದ್ದರೆ ಗಟ್ಟಿ ಮರದ ಅಥವಾ ಪ್ಲಾಸ್ಟಿಕ್ ಬೆಣೆ ಇರಲಿ, ಕಬ್ಬಿಣದ್ದು ಬೇಡ. ಸರಪಳಿ ತಗುಲಿದರೆ ಹಲ್ಲು ಸಿಡಿಯುತ್ತದೆ.

ಬಹಳ ವಾಲಿದ ಮರವನ್ನು ಹೀಗೆ ಹಿಂದಿನಿಂದ ನಿಧಾನವಾಗಿ ಕೊಯ್ದರೆ ಅರ್ಧಕ್ಕೆ ಬರುವಷ್ಟರಲ್ಲಿ ಕಾಂಡ ಮೇಲಕ್ಕೆ ಸೀಳಿ, ಸೀಳಿದ ಭಾಗ ಕೊಯ್ಯುವವನ ಎದೆಗೆ ಒದೆಯುತ್ತದೆ. ಪಳಗಿದವರು ಇಂಥಲ್ಲಿ ಕಾಂಡದ ನಡುವೆ ಅಲಗನ್ನು ತೂರಿಸಿ ಕೀಲನ್ನು ಮೊದಲು ರೂಪಿಸಿ, ಹಿಂದೆ ಹಿಡಿದ ತುಣುಕನ್ನು ಕಟ್ಟಕಡೆಗೆ ಕೊಯ್ಯುತ್ತಾರೆ. ಅದನ್ನು ಅರಿಯದವನಿಗೆ ವಾಲಿದ ಮರವನ್ನು ಒಪ್ಪಿಸಬೇಡಿ.

ಟ್ರ್ಯಾಕ್ಟರಿನಿಂದ ಎಳೆಸುವುದು ನಮ್ಮಲ್ಲಿ ವಾಡಿಕೆ. ಹಗ್ಗ ಮರಕ್ಕಿಂತ ಗಿಡ್ಡವಾಗಿದ್ದರೆ ಮರ ಟ್ರ್ಯಾಕ್ಟರಿನ ಮೇಲೆಯೇ ಬೀಳುತ್ತದೆ. ಕನಿಷ್ಠ ಒಂದೂವರೆ ಪಟ್ಟು ಉದ್ದ ಬೇಕು. ಬೇರೊಂದು ಗಟ್ಟಿ ಮರದ ಬುಡಕ್ಕೆ ರಾಟೆ ಕಟ್ಟಿ ಹಗ್ಗವನ್ನು ಓರೆಗೆ ತಿರುಗಿಸಿದರೆ ಇನ್ನೂ ಕ್ಷೇಮ. ಕೀಲು ಸಿದ್ಧವಾಗುವ ಮೊದಲೇ ಜಗ್ಗಬಾರದು.

ಕಡಿದ ಮರ ಪಕ್ಕದ ಮರಕ್ಕೆ ಒರಗಿ ನಿಂತರೆ? ಅದರ ಕೆಳಗೆ ಹೋಗಬೇಡಿ. ಹಿಡಿದ ಮರವನ್ನು ಕಡಿಯಬೇಡಿ. ಬುಡಕ್ಕೆ ಹಗ್ಗ ಕಟ್ಟಿ ದೂರದಿಂದ ಹಿಂದಕ್ಕೆ ಎಳೆಸಿ ಇಳಿಸಬೇಕು. ಸಂಜೆಯಾಯಿತೆಂದು ಹಾಗೆಯೇ ಬಿಟ್ಟು ಹೋದರೆ ರಾತ್ರಿ ದನವೋ ಮಗುವೋ ಕೆಳಗಿರುವಾಗ ಕಳಚೀತು.

ಮನೆ ಪಕ್ಕದ ಮರ

ಮನೆ, ಕೊಟ್ಟಿಗೆ, ಕೊಳವೆ ಬಾವಿ, ಅಡಿಕೆ ತೋಟದ ನಡುವೆ ನಿಂತ ಮರವನ್ನು ಮೇಲಿನಿಂದ ಕೆಳಕ್ಕೆ ತುಂಡು ತುಂಡಾಗಿ ಇಳಿಸಬೇಕು. ಇದು ಒಂದು ದಿನದ ಕೆಲಸವಲ್ಲ. ದೊಡ್ಡ ಮರಕ್ಕೆ ಎರಡು ಮೂರು ದಿನವಾದರೂ ಹಿಡಿಯುತ್ತದೆ. ಕೊಂಬೆಯನ್ನು ಕಾಂಡದಿಂದ ಒಂದು ಅಡಿ ದೂರದಲ್ಲಿ ಮೊದಲು ಕೆಳಗಿನಿಂದ ಮೂರನೇ ಒಂದು ಪಾಲು ಕೊಯ್ದು, ಆಮೇಲೆ ಸ್ವಲ್ಪ ಮುಂದೆ ಮೇಲಿನಿಂದ ಕೊಯ್ಯಬೇಕು. ಮೇಲಿನಿಂದ ಮಾತ್ರ ಕೊಯ್ದರೆ ಕೊಂಬೆ ತೊಗಟೆ ಸಮೇತ ಸೀಳಿಕೊಂಡು ಬಂದು ಕೆಳಗೆ ಕುಳಿತವನನ್ನೇ ಹೊಡೆಯುತ್ತದೆ. ಭಾರದ ಕೊಂಬೆಯನ್ನು ಮೊದಲೇ ಹಗ್ಗಕ್ಕೆ ಕಟ್ಟಿ, ಮೇಲಿನ ಗಟ್ಟಿ ಕವಲಿನ ಮೂಲಕ ಹಾಯಿಸಿ, ಹಗ್ಗದ ತುದಿಯನ್ನು ಬುಡಕ್ಕೆ ಮೂರು ಸುತ್ತು ಸುತ್ತಿ ಸಡಿಲಿಸುತ್ತಾ ಇಳಿಸಬೇಕು. ಆ ಸುತ್ತುಗಳೇ ಭಾರವನ್ನು ಹಿಡಿಯುತ್ತವೆ. ಹಗ್ಗವನ್ನು ಕೈಗೋ ಸೊಂಟಕ್ಕೋ ಸುತ್ತಿಕೊಂಡವನನ್ನು ಕೊಂಬೆ ಎತ್ತಿ ಒಗೆಯುತ್ತದೆ.

ಮೇಲಿದ್ದವನಿಗೂ ಕೆಳಗಿದ್ದವನಿಗೂ ಸನ್ನೆ ಮೊದಲೇ ಗೊತ್ತಿರಬೇಕು. ಮೇಲಿನವನು ‘ಬಿಡ್ತೀನಿ’ ಎಂದು ಕೂಗಿ, ಕೆಳಗಿನವನು ‘ಹೂಂ’ ಎಂದ ಮೇಲೆಯೇ ಗರಗಸ ಆಡಬೇಕು. ಜೆ.ಸಿ.ಬಿ. ತಂದು ನಿಂತ ಮರವನ್ನು ನೂಕಿಸುವುದು ಬೇಡ. ಒಣಕೊಂಬೆ ನೇರ ಚಾಲಕನ ಮೇಲೆ ಬೀಳುತ್ತದೆ.

ತೆಂಗಿನ ಮರದ ಮಾತೇ ಬೇರೆ

2016–17ರ ಬರದಲ್ಲಿ ಕಡೂರು ಸೀಮೆಯ ತೋಟಗಳಲ್ಲಿ ತೆಂಗಿನ ಮರಗಳು ಸುಳಿ ಕಳಚಿ ಬೋಳು ಕಂಬಗಳಂತೆ ನಿಂತದ್ದನ್ನು ನೀವು ಕಂಡಿದ್ದೀರಿ. ಸತ್ತು ನಿಂತ ತೆಂಗನ್ನು ಹತ್ತಬಾರದು. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ನಾರು ಕೊಳೆತಿರುತ್ತದೆ. ಮಾವು, ಹುಣಸೆಗಳಂತೆ ತೆಂಗಿಗೆ ನಡುವೆ ಚೇಗು ಇಲ್ಲ. ಅದರ ಗಟ್ಟಿತನವೆಲ್ಲ ಹೊರಸುತ್ತಿನಲ್ಲಿ. ಆದ್ದರಿಂದ ಕೀಲು ಬಾಗುವ ಬದಲು ತಟ್ಟನೆ ಮುರಿಯುವುದುಂಟು. ಜೀವಂತ ಮರವಾದರೆ ಮೊದಲು ಗರಿ, ಗೊನೆ ಇಳಿಸಿ ತಲೆಯ ಭಾರ ಕಳೆಯಿರಿ. ಸತ್ತದ್ದನ್ನು ಬಯಲಿನ ಕಡೆಗೆ ಬುಡದಿಂದಲೇ, ಉದ್ದನೆಯ ಹಗ್ಗ ಕಟ್ಟಿ ಬೀಳಿಸಿ.

ಬಿದ್ದ ಕಾಂಡವನ್ನು ಬದುವಿನ ಮೇಲೆ ಕೊಳೆಯಲು ಬಿಡುವುದು ದೊಡ್ಡ ತಪ್ಪು. ಖಡ್ಗಮೃಗದಂತೆ ಕೊಂಬಿರುವ, ಸುಳಿ ಕೊರೆಯುವ ಕಪ್ಪು ದುಂಬಿ ಮರಿ ಮಾಡುವುದು ಅಂಥ ಕೊಳೆತ ಕಾಂಡದಲ್ಲೇ. ನಿಮ್ಮ ಸತ್ತ ಒಂದು ಮರ ನೆರೆಯವನ ಹತ್ತು ಸಸಿಗೆ ಮೃತ್ಯುವಾಗುತ್ತದೆ. ಸೀಳಿ ಸೌದೆ ಮಾಡಿ, ಇಲ್ಲವೇ ಸುಟ್ಟುಬಿಡಿ. ಅಣಬೆ ರೋಗದಿಂದ ಸತ್ತದ್ದಾದರೆ ಬೊಡ್ಡೆ, ಬೇರು ಸಮೇತ ತೆಗೆದು ಸುಟ್ಟು, ಪಕ್ಕದ ಮರಗಳಿಗೆ ಹರಡದಂತೆ ಸುತ್ತ ಸುಮಾರು 3 ಅಡಿ ಆಳದ ಕಂದಕ ತೋಡಿ.

ಅಳತೆಯಲ್ಲಿ ಮೋಸ ಹೋಗಬೇಡಿ

ಮರ ನೆಲ ಸೇರಿದ ಮೇಲೆ ಆತುರಪಟ್ಟು ಮೇಲೇರಬೇಡಿ. ನೆಲಕ್ಕೆ ಒತ್ತಿ ಬಾಗಿದ ಕೊಂಬೆ ಬಿಲ್ಲಿನಂತೆ. ಬಾಗಿದ ಹೊರಬದಿಯನ್ನು ಒಮ್ಮೆಗೇ ಕೊಯ್ದರೆ ಸಿಡಿದು ದವಡೆ ಮುರಿಯುತ್ತದೆ. ಇಳಿಜಾರಿನಲ್ಲಿ ದಿಮ್ಮಿಯ ಮೇಲ್ಬದಿಗೆ ನಿಂತು ಕೆಲಸ ಮಾಡಿ. ಕೆಳಬದಿಗೆ ನಿಂತರೆ ಉರುಳಿ ಬರುತ್ತದೆ.

ಕೂಲಿಯ ಬದಲು ಮರವನ್ನೇ ವ್ಯಾಪಾರಿಗೆ ಗುತ್ತಿಗೆ ಕೊಡುವವರು ಹೆಚ್ಚು. ಮರ ನಿಮ್ಮದು, ಅಳತೆ ಮಾತ್ರ ಅವನದು ಎಂದಾಗಬಾರದು. ನಾಟದ ಲೆಕ್ಕ ಕಲಿತಿರಿ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ಅಂಗುಲದಲ್ಲಿ ಅಳೆದು ನಾಲ್ಕರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಉದಾಹರಣೆಗೆ, ಸುತ್ತಳತೆ 72 ಅಂಗುಲ, ಉದ್ದ 10 ಅಡಿ. 72ರ ಕಾಲು ಭಾಗ 18. 18ನ್ನು 18ರಿಂದ ಗುಣಿಸಿದರೆ 324. ಅದನ್ನು 10ರಿಂದ ಗುಣಿಸಿ 144ರಿಂದ ಭಾಗಿಸಿದರೆ 22.5 ಘನ ಅಡಿ.

ಈ ಕಾಲು ಸುತ್ತಳತೆಯ ಲೆಕ್ಕದಲ್ಲಿಯೇ ಕೊಳ್ಳುವವನಿಗೆ ಲಾಭವಿದೆ. ಅದೇ ದಿಮ್ಮಿಯ ನಿಜವಾದ ಗಾತ್ರ ಸುಮಾರು 28.6 ಘನ ಅಡಿ. ತೊಗಟೆ, ಹೊರಪಟ್ಟಿ ಕಳೆಯುತ್ತದೆಂದು ನೂರಕ್ಕೆ 21ರಷ್ಟು ಮೊದಲೇ ಬಿಟ್ಟುಕೊಟ್ಟಂತಾಯಿತು. ಇದು ವಾಡಿಕೆ, ಇರಲಿ. ಆದರೆ ನಡುಭಾಗ ಬಿಟ್ಟು ಸಣ್ಣ ತುದಿಯಲ್ಲಿ ಟೇಪು ಸುತ್ತಿ 60 ಅಂಗುಲ ಎಂದು ಬರೆದರೆ ಲೆಕ್ಕ 15.6 ಘನ ಅಡಿಗೆ ಇಳಿಯುತ್ತದೆ. ಒಂದೇ ದಿಮ್ಮಿಯಲ್ಲಿ 7 ಘನ ಅಡಿ ಹೋಯಿತು. ಹಾಗೆಯೇ ‘ತೊಗಟೆಗೆ’ ಎಂದು ಎರಡನೇ ಬಾರಿ ಕಳೆಯಲು ಬಿಡಬೇಡಿ. ಟೇಪಿನ ಇನ್ನೊಂದು ತುದಿ ನಿಮ್ಮ ಕೈಯಲ್ಲಿರಲಿ.

ಬೊಡ್ಡೆ ಮನೆಯ ಹತ್ತಿರವಿದ್ದರೆ ಬಿಡಬೇಡಿ, ಗೆದ್ದಲು ಸೇರುತ್ತದೆ. ಸುತ್ತ ಅಗೆದು ಬೇರು ಕಡಿದು ತೆಗೆಸಿ, ಗುಂಡಿಗೆ ಮಣ್ಣು ತುಂಬಿ ತುಳಿಸಿ. ಕೆಲವು ತಿಂಗಳ ಮೇಲೆ ಮಣ್ಣು ಕುಸಿದಾಗ ಮತ್ತೆ ತುಂಬಿ. ಹೊಲದ ಬದುವಿನ ಬೇವಿನ ಬೊಡ್ಡೆಯಾದರೆ ಬಿಟ್ಟರೂ ನಷ್ಟವಿಲ್ಲ. ಚಿಗುರುಗಳಲ್ಲಿ ಬಲವಾದ ಒಂದನ್ನು ಉಳಿಸಿ ಬೆಳೆಸಬಹುದು.

ಹೋದ ಮರದ ಸಾಲ

ಅನುಮತಿ ಪತ್ರದೊಂದಿಗೆ ಒಂದು ಹೊಣೆಯೂ ಬರಬಹುದು. ಕಡಿದ 30 ದಿನಗಳೊಳಗೆ ಬದಲಿ ಸಸಿ ನೆಡಬೇಕೆಂಬ ಷರತ್ತು ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಷರತ್ತಿಗಾಗಿ ನೆಡುವುದು ಬೇಡ, ಹೊಲಕ್ಕಾಗಿ ನೆಡಿ. ತುಮಕೂರು–ಶಿವಮೊಗ್ಗ ಹೆದ್ದಾರಿ ಅಗಲವಾದಾಗ ಕಡೂರು, ಬೀರೂರು, ತರೀಕೆರೆಯ ದಾರಿಯಲ್ಲಿ ಹಳೆಯ ಸಾಲುಮರಗಳು ಹೋದವು. ಆ ನೆರಳು ಮತ್ತೆ ಬರಲು ಒಂದು ತಲೆಮಾರು ಬೇಕು. ಹೊಸ ಸಸಿಯನ್ನು ಮನೆಯಿಂದ, ತಂತಿಯಿಂದ ಅದು ಮುಂದೆ ಬೆಳೆಯುವ ಎತ್ತರದಷ್ಟು ದೂರ ನೆಟ್ಟರೆ ನಿಮ್ಮ ಮೊಮ್ಮಕ್ಕಳು ಅದಕ್ಕೆ ಕೊಡಲಿ ಹಾಕುವ ಪ್ರಸಂಗವೇ ಬರದು. ಬದುವಿಗೆ ಹೊಂಗೆ, ಬೇವು. ತಂತಿಯ ಕೆಳಗೆ ಕರಿಬೇವು, ನಿಂಬೆಯಂಥ ಗಿಡ್ಡ ಜಾತಿ.

ಕೆಲಸವನ್ನು ಮಳೆಗೆ ಮುಂಚೆ, ನೆಲ ಒಣಗಿ ಗಟ್ಟಿಯಿರುವಾಗ, ಗಾಳಿಯಿಲ್ಲದ ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಆಷಾಢದ ಗಾಳಿ ಎದ್ದ ಮೇಲೆ ನೆನಪಾದರೆ ಕೊಂಬೆ ಹಗುರ ಮಾಡಿಸಿ ಕಾಯಿರಿ. ತಾಳಿದವನು ಬಾಳಿಯಾನು ಎಂಬ ಮಾತು ಮರ ಕಡಿಯುವವನಿಗೆ ಅಕ್ಷರಶಃ ಸಲ್ಲುತ್ತದೆ. ನೂರು ವರ್ಷ ನಿಂತ ಮರ ಇನ್ನೊಂದು ವಾರ ನಿಂತರೆ ನಿಮಗೆ ಕಳೆದುಹೋಗುವುದು ಏನೂ ಇಲ್ಲ. ಬೆಳಗ್ಗೆ ನಿಮ್ಮ ಮಾತಿಗೆ ಒಪ್ಪಿ ಮರ ಹತ್ತಿದವನು ಸಂಜೆ ತನ್ನ ಕಾಲ ಮೇಲೆ ನಡೆದು ಮನೆ ಸೇರಬೇಕು. ಅದನ್ನು ಮೊದಲ ಲೆಕ್ಕವಾಗಿಟ್ಟುಕೊಳ್ಳಿ. ನಾಟದ ಲೆಕ್ಕ, ಸೌದೆಯ ಲೆಕ್ಕ ಆಮೇಲಿನದು.